ಮಳೆಮಾಪಕಕ್ಕೊಬ್ಬ ಮೇಸ್ತ್ರಿ

ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಲ್ಲಾಗಲಿ, ತಿ. ನರಸೀಪುರ ತಾಲ್ಲೂಕಿನ ಸೋಸಲೆಯಲ್ಲಾಗಲಿ ಮಳೆ ಸುರಿದರೆ ಅದರ ಲೆಕ್ಕ ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿನ ಯಲಹಂಕಕ್ಕೆ ಹೋಗುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ನೆಟ್ಟಿರುವ 6000ಕ್ಕೂ ಹೆಚ್ಚು ಟೆಲಿಮೆಟ್ರಿಕ್ ಮಳೆಮಾಪಕಗಳು ಮಾಡುವ ಕೆಲಸ ಇದು. ಬರದ ಮೇಲೆ ಕಣ್ಣಿಡಲೆಂದು 1988ರಲ್ಲಿ ಹುಟ್ಟಿದ ಸಣ್ಣ ಕೋಶವೊಂದು 2007ರಲ್ಲಿ ಈ ಕೇಂದ್ರವಾಗಿ ಬೆಳೆಯಿತು. ಹೊರಗಿನಿಂದ ನೋಡಿದರೆ ಮಳೆಮಾಪಕದಲ್ಲಿ ವಿಶೇಷವೇನೂ ಕಾಣದು. ಮೇಲೆ ಒಂದು ಆಲಿಕೆ, ಪಕ್ಕದಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡ ಸೌರಫಲಕ, ಒಳಗೆ ಬ್ಯಾಟರಿ, ಒಂದು ಸಿಮ್ ಕಾರ್ಡು, ಬೆರಳುಗುರಿನಷ್ಟು ಚಿಪ್ಪು.

ಆ ಚಿಪ್ಪು ತಪ್ಪು ಲೆಕ್ಕ ಕೊಟ್ಟರೆ ಪೆಟ್ಟು ಬೀಳುವುದು ರೈತನಿಗೆ. ಹವಾಮಾನ ಆಧರಿಸಿದ ಬೆಳೆ ವಿಮೆಯಲ್ಲಿ ಪರಿಹಾರ ನಿಂತಿರುವುದೇ ಇಂಥ ಅಂಕಿಗಳ ಮೇಲೆ. ಇನ್ನು ಕಪಿಲೆಯ, ಅಂದರೆ ಕಬಿನಿಯ, ದಂಡೆಯಲ್ಲಿರುವವರ ಚಿಂತೆಯೇ ಬೇರೆ. ನಂಜನಗೂಡಿನಲ್ಲಿ ಹನಿ ಮಳೆ ಇಲ್ಲದಿದ್ದರೂ ವಯನಾಡಿನಲ್ಲಿ ಮುಂಗಾರು ಜಡಿದರೆ ಬೀಚನಹಳ್ಳಿಯ ಕಬಿನಿ ಜಲಾಶಯ ತನ್ನ 2284 ಅಡಿಯ ಮಟ್ಟ ಮುಟ್ಟಿ, ಗೇಟುಗಳು ತೆರೆದು, ಹದಿನಾರು ಕಾಲು ಮಂಟಪ ಮುಳುಗುತ್ತದೆ. 2018ರಲ್ಲೂ 2019ರಲ್ಲೂ ಮಲ್ಲನಮೂಲೆ ಮಠದ ಬಳಿ ಮೈಸೂರು ರಸ್ತೆಯ ಮೇಲೇ ನೀರು ಹರಿಯಿತು. ಕಬಿನಿಯ ಮಟ್ಟವನ್ನೂ ಹರಿವನ್ನೂ ಅಳೆಯುವ ಕೇಂದ್ರ ಜಲ ಆಯೋಗದ ಠಾಣೆ ತಿ. ನರಸೀಪುರದಲ್ಲಿದೆ. ಇವಲ್ಲದೆ ಕಬ್ಬು, ಬಾಳೆ, ಭತ್ತದ ಗದ್ದೆಗಳ ಪಂಪ್‌ಸೆಟ್ ಮನೆಗಳಲ್ಲಿ ಗೋಡೆಗೆ ನೇತುಹಾಕಿರುವ ಮೊಬೈಲ್ ಸ್ಟಾರ್ಟರ್‌ಗಳಿವೆ. ಮನೆಯಿಂದಲೇ ಫೋನು ಹಚ್ಚಿ ಮೋಟರು ಓಡಿಸುವ ಪೆಟ್ಟಿಗೆಗಳು ಅವು.

ಮಳೆ ಎಣಿಸುವುದು, ಹೊಳೆ ಅಳೆಯುವುದು, ಮೋಟರು ಓಡಿಸುವುದು. ಈ ಮೂರು ಯಂತ್ರಗಳನ್ನು ನಾವೇ ಕಟ್ಟಬೇಕೆಂದುಕೊಳ್ಳೋಣ. ಒಳಗಿನ ಚಿಪ್ಪಿಗೆ ಯಾವ ಆಪರೇಟಿಂಗ್ ಸಿಸ್ಟಂ ಹಾಕಬೇಕು? ಎಂಜಿನಿಯರುಗಳು ಸಾಮಾನ್ಯವಾಗಿ ಚಿಪ್ಪು ಆರಿಸಿ, ಅದಕ್ಕೆ ಹೊಂದುವ ಸಿಸ್ಟಂ ಹುಡುಕಿ, ಕೊನೆಗೆ ಹೊಲಕ್ಕೆ ಬರುತ್ತಾರೆ. ನನ್ನ ಪ್ರಕಾರ ಹೊಲದಿಂದ, ಹೊಳೆಯಿಂದ ಹೊರಟು ಚಿಪ್ಪಿಗೆ ಬರಬೇಕು. ಈ ಅಧ್ಯಾಯ ಆ ದಾರಿಯಲ್ಲೇ ಹೋಗುತ್ತದೆ.

ಆಪರೇಟಿಂಗ್ ಸಿಸ್ಟಂ ಕಟ್ಟಡದ ಕೆಲಸದ ಮೇಸ್ತ್ರಿ ಇದ್ದಂತೆ. ಕಲ್ಲು ಹೊರುವುದು, ಗಾರೆ ಕಲಸುವುದು ಅವನ ಕೆಲಸವಲ್ಲ. ಈಗ ಯಾರ ಸರದಿ, ಯಾರಿಗೆಷ್ಟು ಜಾಗ, ಯಾವ ಕೆಲಸ ಕಾಯಬಹುದು, ಯಾವುದು ಕಾಯಲಾರದು ಎಂಬುದನ್ನು ಅವನು ನೋಡಿಕೊಳ್ಳುತ್ತಾನೆ. ಆದರೆ ಮೇಸ್ತ್ರಿಗೂ ಕೂಲಿ ಕೊಡಬೇಕು. ಚಿಪ್ಪಿನೊಳಗೆ ಆ ಕೂಲಿ ಬೈಟುಗಳಲ್ಲಿ, ಮೈಕ್ರೋಆಂಪಿಯರುಗಳಲ್ಲಿ ಸಲ್ಲುತ್ತದೆ.

ಅಲ್ಲಿರುವ ಸಂಪತ್ತೆಷ್ಟು? ಹವ್ಯಾಸಿಗಳ ಆರ್ಡುಯಿನೋ ಬೋರ್ಡಿನಿಂದ ಪರಿಚಿತವಾದ ಎಟಿಮೆಗಾ328ಪಿ ಎಂಬ ಚಿಪ್ಪಿನಲ್ಲಿ ಪ್ರೋಗ್ರಾಂ ಇಡಲು 32 ಕಿಲೋಬೈಟ್ ಫ್ಲ್ಯಾಶ್, ಲೆಕ್ಕಾಚಾರಕ್ಕೆ 2 ಕಿಲೋಬೈಟ್ ರ‍್ಯಾಮ್. ನಿಮ್ಮ ಫೋನಿನಲ್ಲಿ 8 ಗಿಗಾಬೈಟ್ ರ‍್ಯಾಮ್ ಇದ್ದರೆ ಅದು ಇದರ 40 ಲಕ್ಷ ಪಟ್ಟಿಗೂ ಹೆಚ್ಚು. ಇಂಟರ್ನೆಟ್ಟಿನ ನಿಯಮಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆ 2014ರಲ್ಲಿ ಇಂಥ ಬಡ ಯಂತ್ರಗಳನ್ನು ಮೂರು ವರ್ಗ ಮಾಡಿತು. 10 ಕಿಲೋಬೈಟ್ ರ‍್ಯಾಮ್‌ಗಿಂತ ತೀರಾ ಕೆಳಗಿರುವವು ಸೊನ್ನೆಯ ವರ್ಗ, 10ರ ಆಸುಪಾಸಿನವು ಒಂದನೆಯದು, 50ರ ಆಸುಪಾಸಿನವು ಎರಡನೆಯದು. ಲಿನಕ್ಸ್ ಈ ಮೂರರಲ್ಲಿ ಯಾವುದರೊಳಕ್ಕೂ ಕಾಲಿಡಲಾರದು. ಅದಕ್ಕೆ ಬೇಕಿರುವುದು ಮೆಗಾಬೈಟುಗಳು.

ಹಾಗಾದರೆ ಮೊದಲ ಪ್ರಶ್ನೆ: ಮೇಸ್ತ್ರಿ ಬೇಕೇ ಬೇಕೆ? ಮೊಬೈಲ್ ಸ್ಟಾರ್ಟರನ್ನು ನೋಡಿ. ಕೃಷಿ ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಕೊಡುವುದು ರಾಜ್ಯದ ಪದ್ಧತಿ. ಅದು ನಡುರಾತ್ರಿಯೂ ಬರಬಹುದು. ಸ್ಟಾರ್ಟರ್ ಮಾಡಬೇಕಾದದ್ದು ಇಷ್ಟು: ಮೂರೂ ಫೇಸ್ ಇದೆಯೇ ನೋಡು, ವೋಲ್ಟೇಜ್ ಸರಿಯೇ ನೋಡು, ಫೋನು ಬಂದಿದೆಯೇ ನೋಡು, ಮೋಟರು ನೀರಿಲ್ಲದೆ ಓಡುತ್ತಿದೆಯೇ ನೋಡು, ಮತ್ತೆ ಮೊದಲಿನಿಂದ. ಒಂದು ದೊಡ್ಡ ಸುತ್ತು, ಸೆಕೆಂಡಿಗೆ ಹತ್ತು ಸಲ ತಿರುಗಿದರೂ ಸಾಕು. ಕರೆಂಟು ಗೋಡೆಯಿಂದಲೇ ಬರುವುದರಿಂದ ಮಿತವ್ಯಯದ ಚಿಂತೆಯಿಲ್ಲ. ಇದಕ್ಕೆ ಆಪರೇಟಿಂಗ್ ಸಿಸ್ಟಂ ಬೇಡ. ಹಾಕಿದರೆ ಕೆಡುವ ಜಾಗ ಹೆಚ್ಚುತ್ತದೆ ಅಷ್ಟೆ. ಇಲ್ಲಿ ಬೇಕಾದದ್ದು ಎರಡು. ಸುತ್ತು ಎಲ್ಲೋ ಸಿಕ್ಕಿಕೊಂಡರೆ ಚಿಪ್ಪನ್ನು ತಾನಾಗಿ ರೀಸೆಟ್ ಮಾಡುವ ವಾಚ್‌ಡಾಗ್ ಟೈಮರ್ ಒಂದು. ಸಾಫ್ಟ್‌ವೇರ್ ಏನೇ ಹೇಳಿದರೂ ಮೋಟರು ಕಾದಾಗ ಕಡಿದುಹಾಕುವ ಓವರ್‌ಲೋಡ್ ರಿಲೇ ಇನ್ನೊಂದು. ಮೋಟರಿನ ಕಾಯಿಲ್ ಸುಟ್ಟು ರೀವೈಂಡಿಂಗ್ ಅಂಗಡಿಯ ಮುಂದೆ ಕಾದು ಕೂತ ರೈತನಿಗೆ ಈ ಎರಡರ ಬೆಲೆ ಗೊತ್ತು.

ಮಳೆಮಾಪಕಕ್ಕೆ ಬಂದಾಗ ಲೆಕ್ಕ ಬದಲಾಗುತ್ತದೆ. ಇಂಥ ಮಾಪಕಗಳೊಳಗೆ ಸಾಮಾನ್ಯವಾಗಿ ತೊಟ್ಟಿಲಿನಂತೆ ಅತ್ತಿತ್ತ ವಾಲುವ ಜೋಡಿ ಬಟ್ಟಲಿರುತ್ತದೆ. ಒಂದು ತುಂಬಿದಾಗ ವಾಲಿ ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ಪ್ರತಿ ವಾಲಿಗೂ ಅಯಸ್ಕಾಂತವೊಂದು ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ. ಆಲಿಕೆಯ ಬಾಯಿ 20 ಸೆಂಟಿಮೀಟರ್ ಅಗಲ, ಒಂದು ವಾಲು ಅರ್ಧ ಮಿಲಿಮೀಟರ್ ಮಳೆಗೆ ಎಂದಿಟ್ಟುಕೊಂಡರೆ ಒಂದು ಬಟ್ಟಲಿಗೆ ಹಿಡಿಸುವುದು ಸುಮಾರು 16 ಮಿಲಿಲೀಟರ್ ನೀರು. ಗಂಟೆಗೆ 100 ಮಿಲಿಮೀಟರ್ ಸುರಿಯುವ ಭಯಂಕರ ಮಳೆಯಲ್ಲೂ 18 ಸೆಕೆಂಡಿಗೊಂದು ವಾಲು. ಚಿಪ್ಪಿಗೆ ಇದು ಆಮೆಯ ನಡಿಗೆ. ಆದರೆ ಮೋಡ ಕವಿದ ಹೊತ್ತಿನಲ್ಲಿ ಮೊಡೆಮ್ ಟವರು ಹುಡುಕಲು ಅರ್ಧ ನಿಮಿಷ ತೆಗೆದುಕೊಂಡರೆ, ಸುತ್ತು ಅಲ್ಲಿ ಕಾಯುತ್ತ ನಿಂತು ಒಂದೆರಡು ವಾಲು ತಪ್ಪಿಹೋಗುತ್ತದೆ. ಜೋರು ಮಳೆಯ ಲೆಕ್ಕವೇ ತಪ್ಪುವ ಮಳೆಮಾಪಕ!

ಇದಕ್ಕೆ ಹಳೆಯ ಪರಿಹಾರ ಇಂಟರಪ್ಟ್. ಸ್ವಿಚ್ಚು ಮಿಡಿದ ಕೂಡಲೇ ಚಿಪ್ಪು ಕೈಯಲ್ಲಿದ್ದ ಕೆಲಸ ಬಿಟ್ಟು, ಎಣಿಕೆಗೆ ಒಂದು ಕೂಡಿಸಿ, ಬಿಟ್ಟ ಕಡೆಗೇ ಮರಳುತ್ತದೆ. ಸರಳವೆನಿಸುತ್ತದೆ, ಆದರೆ ಈ ಪುಟ್ಟ ಜಗತ್ತಿನ ಅತಿ ಕ್ರೂರ ದೋಷ ಅಡಗಿರುವುದು ಇಲ್ಲೇ. ಎಟಿಮೆಗಾ 8 ಬಿಟ್ಟಿನ ಚಿಪ್ಪು. 255ಕ್ಕಿಂತ ದೊಡ್ಡ ಸಂಖ್ಯೆಯನ್ನು ಎರಡು ಬೈಟುಗಳಲ್ಲಿ ಇಟ್ಟುಕೊಂಡು ಒಂದೊಂದಾಗಿ ಓದುತ್ತದೆ. ಎಣಿಕೆ 255ರಲ್ಲಿದೆ. ಮುಖ್ಯ ಪ್ರೋಗ್ರಾಂ ಕೆಳಬೈಟನ್ನು ಓದಿತು: 255. ಅದೇ ಗಳಿಗೆಗೆ ಬಟ್ಟಲು ವಾಲಿತು. ಎಣಿಕೆ 256 ಆಯಿತು, ಅಂದರೆ ಕೆಳಬೈಟು 0, ಮೇಲ್ಬೈಟು 1. ಈಗ ಪ್ರೋಗ್ರಾಂ ಮೇಲ್ಬೈಟನ್ನು ಓದಿತು: 1. ಹಳೆಯ ಕೆಳಗಿನರ್ಧ, ಹೊಸ ಮೇಲಿನರ್ಧ ಸೇರಿ ಸಿಕ್ಕ ಸಂಖ್ಯೆ 511. ಬಿದ್ದ ಮಳೆ 128 ಮಿಲಿಮೀಟರ್, ವರದಿಯಾದದ್ದು 255.5. ಬರದ ಸೀಮೆಗೆ ಕಾಗದದ ಮೇಲೆ ಪ್ರವಾಹ ಬಂದಂತಾಯಿತು. ಇದು ತೀರಾ ಅಪರೂಪಕ್ಕೊಮ್ಮೆ ಘಟಿಸುವ ಕಾರಣ ಮೇಜಿನ ಮೇಲಿನ ಪರೀಕ್ಷೆಯಲ್ಲಿ ಎಂದೂ ಕಾಣಿಸಿಕೊಳ್ಳುವುದಿಲ್ಲ. 6000 ಮಾಪಕ, ದಿನಕ್ಕೆ 96 ವರದಿ ಎಂದಾದಾಗ ಎಲ್ಲೋ ಒಂದು ಕಡೆ ಕಾಣಿಸಿಯೇ ತೀರುತ್ತದೆ. ಓದುವಷ್ಟು ಹೊತ್ತು ಇಂಟರಪ್ಟನ್ನು ತಡೆಹಿಡಿಯುವುದು ಮದ್ದು. ಅದನ್ನು ಪ್ರತಿಯೊಂದು ಕಡೆಯೂ ನೆನಪಿಟ್ಟು ಬರೆಯುವವರು ಯಾರು? ಒಳ್ಳೆಯ ಆಪರೇಟಿಂಗ್ ಸಿಸ್ಟಂ ತನ್ನ ಕೂಲಿಯನ್ನು ದುಡಿಯುವುದು ಇಂಥಲ್ಲಿ ಎಂದು ನಾನು ತಿಳಿದಿದ್ದೇನೆ.

ಕೂಲಿ ಎಷ್ಟು ಕಡಿಮೆಯಿರಬಹುದು ಎಂಬುದನ್ನು ಮೊದಲು ತೋರಿಸಿದ್ದು ಟೈನಿಓಎಸ್. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2000ದಲ್ಲಿ ಪ್ರಕಟಿಸಿದಾಗ ಅದರ ತಿರುಳು 178 ಬೈಟುಗಳಲ್ಲಿ ಕೂತಿತ್ತು. ಈ ಪ್ಯಾರಾದ ಎರಡನೆಯ ವಾಕ್ಯದ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡಲೂ ಅಷ್ಟು ಸಾಲದು. ಮರ್ಮವೇನೆಂದರೆ, ಮಾಮೂಲಿ ಸಿಸ್ಟಮ್ಮುಗಳಲ್ಲಿ ಪ್ರತಿ ಕೆಲಸಕ್ಕೂ ಅರ್ಧಕ್ಕೆ ಬಿಟ್ಟ ಲೆಕ್ಕವನ್ನು ಇಟ್ಟುಕೊಳ್ಳಲು ಸ್ಟ್ಯಾಕ್ ಎಂಬ ಪ್ರತ್ಯೇಕ ಜಾಗ ಬೇಕು. ತಲಾ 512 ಬೈಟಿನಂತೆ ನಾಲ್ಕು ಕೆಲಸಕ್ಕೆ ಕೊಟ್ಟರೆ 2 ಕಿಲೋಬೈಟ್ ಮುಗಿದೇಹೋಯಿತು. ಟೈನಿಓಎಸ್ ಎಲ್ಲಕ್ಕೂ ಸೇರಿ ಒಂದೇ ಸ್ಟ್ಯಾಕ್ ಇಟ್ಟಿತು. ಯಾವ ಕೆಲಸವೂ ಇನ್ನೊಂದು ಕೆಲಸಕ್ಕಾಗಿ ನಡುವೆ ನಿಲ್ಲುವಂತಿಲ್ಲ. ಹಿಡಿದದ್ದನ್ನು ಚುಟುಕಾಗಿ ಮುಗಿಸಿ ಜಾಗ ಬಿಡಬೇಕು. ಅದಕ್ಕೆಂದೇ ರೂಪಿಸಿದ ನೆಸ್‌ಸಿ ಭಾಷೆಯ ಕಂಪೈಲರ್ ಮೇಲಿನ 511ರಂಥ ದೋಷದ ಸಾಧ್ಯತೆಯನ್ನು ಪ್ರೋಗ್ರಾಂ ಓಡುವ ಮೊದಲೇ ಎತ್ತಿ ತೋರಿಸುತ್ತಿತ್ತು.

ಈ ಟೈನಿಓಎಸ್ ಕನ್ನಡ ನೆಲಕ್ಕೂ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಇಪಿಎಫ್ಎಲ್ ಕೂಡಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಕಾಮನ್-ಸೆನ್ಸ್ ನೆಟ್ ಎಂಬ ಯೋಜನೆ ನಡೆಸಿದವು. ಮಳೆಯನ್ನೇ ನಂಬಿದ ಕಡಲೆಕಾಯಿ ಬೆಳೆಗಾರರ ಹೊಲಗಳಲ್ಲಿ ಮಣ್ಣಿನ ತೇವವನ್ನು ವೈರ್‌ಲೆಸ್ ಯಂತ್ರಗಳಿಂದ ಅಳೆಯುವ ಯತ್ನ ಅದು. ಮೊದಲು ಬಳಸಿದ ಮೈಕಾ2 ಯಂತ್ರದಲ್ಲಿದ್ದದ್ದು 4 ಕಿಲೋಬೈಟ್ ರ‍್ಯಾಮ್. ರೇಡಿಯೋ ಸಾಕಷ್ಟು ದೂರ ತಲುಪದೆ ಹೋದಾಗ ಟೈನಿನೋಡ್ ಎಂಬ ಇನ್ನೊಂದಕ್ಕೆ ಬದಲಾಯಿಸಿದರು. ಚಿಪ್ಪು ಬೇರೆ, ರೇಡಿಯೋ ಬೇರೆ, ಆದರೂ ಎರಡರಲ್ಲೂ ಓಡಿದ್ದು ಟೈನಿಓಎಸ್ಸೇ. ಯಂತ್ರಾಂಶ ಬದಲಾದಾಗಲೂ ಕಲಿತ ವಿದ್ಯೆ ಉಳಿಯುತ್ತದೆ ಎಂಬ ಈ ಅನುಕೂಲವನ್ನು ಬೈಟುಗಳಲ್ಲಿ ಅಳೆಯಲಾಗದು. ಎರಡು ದಶಕಗಳ ಹಿಂದೆ, ದೊಡ್ಡ ಕಂಪನಿಗಳು ಇತ್ತ ನೋಡುವ ಮೊದಲು, ಬಯಲುಸೀಮೆಯ ಸಣ್ಣ ಹಿಡುವಳಿದಾರನ ಹೊಲವನ್ನು ಆರಿಸಿಕೊಂಡ ಆ ತಂಡದ ಬಗ್ಗೆ ನನಗೆ ತುಂಬ ಗೌರವವಿದೆ.

ಟೈನಿಓಎಸ್‌ನ ಕಷ್ಟವೆಂದರೆ ಕೆಲಸವನ್ನು ಚೂರುಚೂರು ಮಾಡಿ ಬರೆಯಬೇಕು. ಮೊಡೆಮ್ಮಿಗೆ ಕರೆ ಹಚ್ಚು, ಉತ್ತರಕ್ಕೆ ಕಾಯಿ, ಕಳುಹಿಸು ಎಂದು ಸಾಲಾಗಿ ಬರೆಯುವಂತಿಲ್ಲ. ಸ್ವೀಡನ್ನಿನ ಆಡಂ ಡಂಕೆಲ್ಸ್ ತಮ್ಮ ಕಾಂಟಿಕಿ ಸಿಸ್ಟಮ್ಮಿಗೆ ಪ್ರೋಟೋಥ್ರೆಡ್ ಎಂಬ ಜಾಣ ಉಪಾಯ ತಂದರು. ಸಾಲಾಗಿಯೇ ಬರೆಯಬಹುದು, ಆದರೆ ಪ್ರತಿ ಕೆಲಸಕ್ಕೆ ತಗಲುವ ಹೆಚ್ಚಿನ ರ‍್ಯಾಮ್ ಬರೀ 2 ಬೈಟು. ಎಲ್ಲಿ ನಿಲ್ಲಿಸಿದ್ದೆ ಎಂಬ ಗುರುತು ಮಾತ್ರ ಅದರಲ್ಲಿರುತ್ತದೆ, ನಿಲ್ಲುವಾಗ ಕೈಯಲ್ಲಿದ್ದ ಸ್ಥಳೀಯ ಸಂಖ್ಯೆಗಳು ಉಳಿಯುವುದಿಲ್ಲ. ಇದನ್ನು ಮರೆತವರು ಕಷ್ಟಪಡುತ್ತಾರೆ.

ಇನ್ನೊಂದು ಬಣ, ಕೆಲಸ ಕೆಲಸಕ್ಕೂ ಆದ್ಯತೆ ಕೊಟ್ಟು, ಮೇಲಿನದು ಬಂದಾಗ ಕೆಳಗಿನದನ್ನು ಬದಿಗೆ ಸರಿಸುವ ರಿಯಲ್ ಟೈಂ ಸಿಸ್ಟಮ್ಮುಗಳದು. ರಿಚರ್ಡ್ ಬ್ಯಾರಿ 2003ರ ಸುಮಾರಿಗೆ ಹೊರತಂದ ಫ್ರೀಆರ್‌ಟಿಓಎಸ್ ಇವುಗಳಲ್ಲಿ ಹೆಚ್ಚು ಬಳಕೆಯದು. 2017ರಲ್ಲಿ ಅಮೆಜಾನ್ ಅದರ ಉಸ್ತುವಾರಿ ವಹಿಸಿಕೊಂಡಿತು. ಆದ್ಯತೆಯ ಪದ್ಧತಿಗೂ ಅದರದೇ ಗುಂಡಿಗಳಿವೆ. 1997ರ ಜುಲೈ 4ರಂದು ಮಂಗಳನ ಮೇಲಿಳಿದ ಪಾತ್‌ಫೈಂಡರ್ ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ರೀಸೆಟ್ ಆಗತೊಡಗಿತು. ಹವಾಮಾನದ ಅಂಕಿ ಕೂಡಿಹಾಕುವ ಕೆಳಗಿನ ಆದ್ಯತೆಯ ಕೆಲಸ, ಎಲ್ಲರೂ ಹಂಚಿಕೊಳ್ಳಬೇಕಿದ್ದ ಬೀಗವೊಂದನ್ನು ಹಿಡಿದಿತ್ತು. ಅಷ್ಟರಲ್ಲಿ ನಡು ಆದ್ಯತೆಯ ಕೆಲಸವೊಂದು ಬಂದು ಅದನ್ನು ಬದಿಗೆ ಸರಿಸಿತು. ಮೇಲಿನ ಆದ್ಯತೆಯ ಮುಖ್ಯ ಕೆಲಸ ಆ ಬೀಗಕ್ಕಾಗಿ ಕಾದು ಕೂತಿತು. ವಾಚ್‌ಡಾಗ್ ಇಡೀ ಕಂಪ್ಯೂಟರನ್ನು ರೀಸೆಟ್ ಮಾಡಿತು. ಬೀಗ ಹಿಡಿದವನಿಗೆ ಕಾಯುವವನ ಆದ್ಯತೆಯನ್ನು ತಾತ್ಕಾಲಿಕವಾಗಿ ಕೊಡುವ ಏರ್ಪಾಡು ಅದರಲ್ಲಿದ್ದ ವಿಎಕ್ಸ್‌ವರ್ಕ್ಸ್ ಸಿಸ್ಟಮ್ಮಿನಲ್ಲಿ ಮೊದಲೇ ಇತ್ತು, ಆನ್ ಮಾಡಿರಲಿಲ್ಲ. ಭೂಮಿಯಿಂದಲೇ ಅದನ್ನು ಆನ್ ಮಾಡಿ ಸರಿಪಡಿಸಿದರು. ಹೊಳೆಯ ಮಟ್ಟ ಅಳೆಯುವ ಕೆಲಸ, ರೇಡಿಯೋ ಕಳುಹಿಸುವ ಕೆಲಸ, ಮೆಮೊರಿಗೆ ಬರೆಯುವ ಕೆಲಸ ಮೂರೇ ಇದ್ದರೂ ನಮ್ಮ ಯಂತ್ರದಲ್ಲಿ ಇದೇ ಗಂಟು ಬೀಳಬಹುದು.

ಇನ್ನು ನಿದ್ದೆಯ ವಿಷಯ. ಬ್ಯಾಟರಿ ಯಂತ್ರದ ಮಟ್ಟಿಗೆ ಇದಕ್ಕಿಂತ ದೊಡ್ಡ ವಿಷಯವಿಲ್ಲ. 2400 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ, ಎಚ್ಚರವಿದ್ದಾಗ 10 ಮಿಲಿಆಂಪಿಯರ್ ಎಳೆಯುವ ಚಿಪ್ಪು. ಮಲಗಲೇ ಇಲ್ಲವೆಂದರೆ 240 ಗಂಟೆಯಲ್ಲಿ, ಅಂದರೆ ಹತ್ತೇ ದಿನದಲ್ಲಿ ಬ್ಯಾಟರಿ ಖಾಲಿ. ಹದಿನೈದು ನಿಮಿಷಕ್ಕೊಮ್ಮೆ ಒಂದು ಸೆಕೆಂಡು ಎದ್ದು ಅಳೆದರೆ ವರ್ಷಕ್ಕೆ 97 ಮಿಲಿಆಂಪಿಯರ್-ಗಂಟೆ. ಪ್ರತಿ ಸಲ ಒಂದೂವರೆ ಸೆಕೆಂಡು 40 ಮಿಲಿಆಂಪಿಯರಿನಲ್ಲಿ ಲೋರಾ ಎಂಬ ದೂರಗಾಮಿ ರೇಡಿಯೋ ಹಚ್ಚಿದರೆ ಇನ್ನೊಂದು 584. (ಭಾರತದಲ್ಲಿ ಇಂಥ ರೇಡಿಯೋಗಳಿಗೆ 865ರಿಂದ 868 ಮೆಗಾಹರ್ಟ್ಸ್ ಪಟ್ಟಿ ಲೈಸೆನ್ಸಿಲ್ಲದೆ ಮುಕ್ತವಾಗಿದೆ.) ಮಲಗಿದಾಗಿನ 10 ಮೈಕ್ರೋಆಂಪಿಯರ್ ವರ್ಷವಿಡೀ ಸೇರಿದರೆ 88. ಒಟ್ಟು 770ರ ಹತ್ತಿರ. ಬ್ಯಾಟರಿ ಮೂರು ವರ್ಷ ಬಾಳುತ್ತದೆ. ಹತ್ತು ದಿನಕ್ಕೂ ಮೂರು ವರ್ಷಕ್ಕೂ ನಡುವಿನ ಅಂತರ ಪೂರ್ತಿ ಸಾಫ್ಟ್‌ವೇರಿನ ಕೈಯಲ್ಲಿದೆ. ಸಮಯದ ಲೆಕ್ಕಕ್ಕೆಂದು ಸೆಕೆಂಡಿಗೆ 1000 ಸಲ ಚಿಪ್ಪನ್ನು ತಟ್ಟಿ ಎಬ್ಬಿಸುವ ಸಿಸ್ಟಂ ಗಂಟೆಗೆ 36 ಲಕ್ಷ ಸಲ ಅದರ ನಿದ್ದೆ ಕೆಡಿಸುತ್ತದೆ. ಹಾಗಾಗಿ ಯಾವುದನ್ನೇ ಆರಿಸಿದರೂ ಮುಂದಿನ ಕೆಲಸದ ಹೊತ್ತಿಗೆ ಮಾತ್ರ ಏಳುವ, ನಡುವೆ ತಟ್ಟದ ಏರ್ಪಾಡು ಅದರಲ್ಲಿರಬೇಕು. ಫ್ರೀಆರ್‌ಟಿಓಎಸ್‌ನಲ್ಲೂ, ಮುಂದೆ ಬರುವ ರಯಟ್, ಝೆಫರ್ ಎಂಬ ಸಿಸ್ಟಮ್ಮುಗಳಲ್ಲೂ ಇದು ಇದೆ. ಆದರೆ ಕೈಪಿಡಿಯಲ್ಲಿದೆ ಎಂದು ನಂಬಿ ಕೂರಬಾರದು, ನಮ್ಮ ಬೋರ್ಡಿನ ಮೇಲೆ ಮೀಟರ್ ಹಿಡಿದು ನೋಡಬೇಕು.

ಆಯುಷ್ಯದ ಪ್ರಶ್ನೆ ಬ್ಯಾಟರಿಗಷ್ಟೇ ಅಲ್ಲ, ಸಿಸ್ಟಮ್ಮಿಗೂ ಇದೆ. ಸೇತುವೆಯ ಕಂಬಕ್ಕೆ ಕಟ್ಟಿದ ಮಟ್ಟಮಾಪಕ ಹತ್ತು ವರ್ಷ ಇರಬೇಕು. ಟೈನಿಓಎಸ್‌ನ ಕೊನೆಯ ಅಧಿಕೃತ ಆವೃತ್ತಿ ಬಂದದ್ದು 2012ರಲ್ಲಿ. ಚಿಪ್ಪು ಲೋಕದ ದೊರೆಯಾದ ಆರ್ಮ್ ಕಂಪನಿಯೇ ಬೆಳೆಸಿದ ಎಂಬೆಡ್ ಓಎಸ್‌ಗೆ 2026ರ ಜುಲೈ ಕೊನೆಯ ಗಡುವು ಎಂದು ಕಂಪನಿ 2024ರಲ್ಲಿ ಸಾರಿತು. ಎಷ್ಟು ದೊಡ್ಡ ಹೆಸರು ಬೆನ್ನಿಗಿದ್ದರೂ ಸಾಲದು ಎಂದಾಯಿತು. ನಾನು ನೋಡುವುದು ಒಂದಕ್ಕಿಂತ ಹೆಚ್ಚು ಸಂಸ್ಥೆಗಳು ಸೇರಿ ಪೋಷಿಸುತ್ತಿವೆಯೇ ಎಂಬುದನ್ನು, ಇಲ್ಲವೇ ಪೋಷಕರು ಕೈಬಿಟ್ಟರೂ ನಾವೇ ಓದಿ ಸರಿಪಡಿಸುವಷ್ಟು ಚಿಕ್ಕದಿದೆಯೇ ಎಂಬುದನ್ನು. 2016ರಲ್ಲಿ ಲಿನಕ್ಸ್ ಫೌಂಡೇಶನ್ನಿನಡಿ ಶುರುವಾದ ಝೆಫರ್ ಮೊದಲನೆಯ ಬಗೆ. ಫ್ರೀಆರ್‌ಟಿಓಎಸ್ ಎರಡನೆಯದು; ಅದರ ಮುಖ್ಯ ತಿರುಳು ಮೂರೇ ಸಿ ಕಡತಗಳಲ್ಲಿದೆ, ಮೈಸೂರಿನ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ಒಂದು ರಜೆಯಲ್ಲಿ ಓದಿ ಮುಗಿಸಬಹುದು. ಬರ್ಲಿನ್, ಹ್ಯಾಂಬರ್ಗ್ ಮತ್ತು ಫ್ರಾನ್ಸಿನ ಸಂಶೋಧಕರ ರಯಟ್ ಕೂಡ ಒಂದೂವರೆ ಕಿಲೋಬೈಟ್ ರ‍್ಯಾಮ್‌ನಿಂದ ಶುರುವಾಗುವ ಸೊಗಸಾದ ಕೃತಿ, ಕಲಿಯುವವರಿಗೆ ನಾನು ಅದನ್ನೇ ಮೊದಲು ಕೊಡುತ್ತೇನೆ.

ಓದಿ ಸರಿಪಡಿಸುವವರು ಹತ್ತಿರದಲ್ಲೇ ಇರಬೇಕೆಂಬುದು ನನ್ನ ಹಟ. ಯಂತ್ರಾಂಶದ ಕೈಗುಣ ನಂಜನಗೂಡಿಗೆ ಹೊಸದಲ್ಲ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಆಸ್ಟ್ರಿಯಾ ಮೂಲದ ಎಟಿ ಆ್ಯಂಡ್ ಎಸ್ ಕಂಪನಿ 1999ರಲ್ಲಿ ಇಂಡಾಲ್ ಕಂಪನಿಯ ಘಟಕವನ್ನು ಕೊಂಡು ಅಂದಿನಿಂದ ಪ್ರಿಂಟೆಡ್ ಸರ್ಕಿಟ್ ಬೋರ್ಡುಗಳನ್ನು ತಯಾರಿಸುತ್ತಿದೆ. ಸುತ್ತೂರಿನಲ್ಲಿ ಜೆಎಸ್ಎಸ್ ಕೃಷಿ ವಿಜ್ಞಾನ ಕೇಂದ್ರವಿದೆ. ಬೋರ್ಡೂ ಇಲ್ಲಿ, ಬೇಸಾಯದ ತಿಳಿವಳಿಕೆಯೂ ಇಲ್ಲಿ. ನಡುವಿನ ಸಾಫ್ಟ್‌ವೇರ್ ಮಾತ್ರ ಯಾರಿಗೂ ತೆರೆದು ನೋಡಲಾಗದ ಪೆಟ್ಟಿಗೆಯಾಗಿ ಹೊರಗಿನಿಂದ ಬರಬೇಕಿಲ್ಲ.

ಹಾಗಾಗಿ ನನ್ನ ಆಯ್ಕೆ ಹೀಗೆ. ಸ್ಟಾರ್ಟರಿಗೆ ಏನೂ ಬೇಡ. ಮಳೆಮಾಪಕಕ್ಕೆ 20 ಕಿಲೋಬೈಟ್ ರ‍್ಯಾಮ್‌ನ ಚಿಪ್ಪಿನ ಮೇಲೆ ಫ್ರೀಆರ್‌ಟಿಓಎಸ್, ಎರಡೋ ಮೂರೋ ಕೆಲಸ, ಸ್ಟ್ಯಾಕ್ ತುಂಬಿ ಪಕ್ಕದ ಜಾಗಕ್ಕೆ ಹರಿಯದಂತೆ ನೋಡುವ ತಪಾಸಣೆ ಸದಾ ಚಾಲೂ. ಹೊಳೆಯ ಮಟ್ಟಮಾಪಕಕ್ಕೆ 64 ಕಿಲೋಬೈಟ್ ರ‍್ಯಾಮ್, 256 ಕಿಲೋಬೈಟ್ ಫ್ಲ್ಯಾಶ್ ಇರುವ ಚಿಪ್ಪು ಮತ್ತು ಝೆಫರ್. ಇಲ್ಲಿ ಧಾರಾಳವಾಗಲು ಕಾರಣ, ಪ್ರವಾಹದ ಹೊತ್ತಿನಲ್ಲಿ ಕಂಬದ ಬಳಿ ಹೋಗಲಾಗದು. ಪ್ರೋಗ್ರಾಂ ಬದಲಿಸಬೇಕಾದರೆ ರೇಡಿಯೋ ಮೂಲಕವೇ ಆಗಬೇಕು. ಅದಕ್ಕೆ ಫ್ಲ್ಯಾಶನ್ನು ಎರಡು ಪಾಲು ಮಾಡಿ, ಹೊಸದನ್ನು ಒಂದರಲ್ಲಿಟ್ಟು, ಅದು ಸರಿಯಾಗಿ ಓಡದಿದ್ದರೆ ಹಳೆಯದಕ್ಕೆ ಮರಳಬೇಕು. ಝೆಫರ್ ಜೊತೆಗೆ ಬಳಸುವ ಎಂಸಿಯುಬೂಟ್ ಎಂಬ ಪುಟ್ಟ ಪ್ರೋಗ್ರಾಂ ಇದನ್ನು ಮಾಡುತ್ತದೆ.

ಕೊನೆಗೆ ಪರೀಕ್ಷೆ, ಮೇ ತಿಂಗಳಲ್ಲಿ. ಎಣಿಕೆಯನ್ನು 250ಕ್ಕೆ ಇಟ್ಟು, ಮೊಡೆಮ್ ಟವರು ಹುಡುಕುತ್ತಿರುವಾಗಲೇ ಆಲಿಕೆಗೆ ಒಂದು ಲೀಟರ್ ನೀರನ್ನು ನಿಧಾನವಾಗಿ ಸುರಿಯಬೇಕು. 63 ಅಥವಾ 64 ವಾಲುಗಳಾಗಿ, ಎಣಿಕೆ 255ನ್ನು ದಾಟಿ 314ರ ಹತ್ತಿರ ನಿಲ್ಲಬೇಕು. ಸುರಿಯುವ ನಡುವೆ ಒಮ್ಮೆ ಬ್ಯಾಟರಿ ಕಿತ್ತು ಹಾಕಬೇಕು, ಒಮ್ಮೆ ಸಿಮ್ ತೆಗೆದು ನೋಡಬೇಕು. ಇದನ್ನು ಒಂದೇ ಸಲ ಮಾಡಿ ಬಿಡದೆ, ವರದಿ ಹೋಗುವ ಹೊತ್ತಿಗೂ ವಾಲುವ ಹೊತ್ತಿಗೂ ಡಿಕ್ಕಿಯಾಗುವವರೆಗೆ ಮತ್ತೆ ಮತ್ತೆ ಮಾಡಬೇಕು. ಆಗಲೂ ಲೆಕ್ಕ ತಪ್ಪದ ಮಾಪಕವನ್ನು ಪಂಚಾಯಿತಿಗೆ ಕೊಡಬಹುದು.